ಅಡಿಗೆಮನೆಯ ಸ್ಪಂಜು: ಒಂದು ವಿಚಾರ

ಮುಸುರೆ ತಿಕ್ಕುವ ವಿಷಯವೂ ಸ್ಮರಣ ಸಂಚಿಕೆಗೆ ತಕ್ಕದ್ದೇ ಎಂದು ವಾಚಕರು ಹುಬ್ಬೇರಿಸಬಹುದು. ಆದರೆ ಆರೋಗ್ಯದ ಮಾತು ಬಂದಾಗ ಕುಡಿಯುವ ನೀರನ್ನು ಕುದಿಸುತ್ತೇವೆ, ತರಕಾರಿಯನ್ನು ಎರಡೆರಡು ಸಲ ತೊಳೆಯುತ್ತೇವೆ. ಉಣ್ಣುವ ತಟ್ಟೆಯನ್ನು ಯಾವುದರಿಂದ ಉಜ್ಜಿದೆವೆಂದು ಮಾತ್ರ ಯೋಚಿಸುವುದಿಲ್ಲ. ಕೊಚ್ಚಿ, ತಿರುವನಂತಪುರಗಳಲ್ಲಿ ನೆಲೆಸಿರುವ ನಮ್ಮಲ್ಲಿ ಅನೇಕರ ಮನೆಗಳಲ್ಲಿ ಆ ಕೆಲಸಕ್ಕಿರುವುದು ಸಿಂಕಿನ ಅಂಚಿನಲ್ಲಿ ಸದಾ ಒದ್ದೆಯಾಗಿ ಬಿದ್ದಿರುವ ಪ್ಲಾಸ್ಟಿಕ್ ಸ್ಪಂಜು.

ಈ ಹೆಸರಿನ ನಿಜವಾದ ಒಡೆಯ ಒಂದು ಜಲಚರ ಪ್ರಾಣಿ. ಅದಕ್ಕೆ ಮೆದುಳಿಲ್ಲ, ಹೃದಯವಿಲ್ಲ, ಜಠರವೂ ಇಲ್ಲ. ಮೈಯೆಲ್ಲ ರಂಧ್ರ. ಒಳಗಿನ ಜೀವಕೋಶಗಳು ಚಾವಟಿಯಂತಹ ಎಳೆಗಳನ್ನು ಬೀಸುತ್ತಿರುವುದರಿಂದ ಸಣ್ಣ ರಂಧ್ರಗಳ ಮೂಲಕ ನೀರು ಒಳಬಂದು ದೊಡ್ಡ ಬಾಯಿಯಿಂದ ಹೊರಹೋಗುತ್ತದೆ. ನೀರಿನಲ್ಲಿರುವ ಬ್ಯಾಕ್ಟೀರಿಯಗಳೇ ಅದರ ಮುಖ್ಯ ಆಹಾರ. ಎಂದರೆ ಸ್ಪಂಜು ಸಮುದ್ರದ ಶೋಧಕ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನ ಸಂಸ್ಥೆ 1947ರಲ್ಲಿ ಪ್ರಾರಂಭವಾಯಿತು. ಅದರ ಕೇಂದ್ರ ಕಚೇರಿ 1971ರಲ್ಲಿ ಮಂಡಪಂನಿಂದ ಕೊಚ್ಚಿಗೆ ಬಂದಿತು. ತಿರುವನಂತಪುರದ ಸಮೀಪದ ವಿಳಿಂಜಂ ಶಾಖೆಯಲ್ಲಿ ಆ ಸಂಸ್ಥೆಯ ವಿಜ್ಞಾನಿ ಪಿ. ಎ. ಥಾಮಸ್ ಅವರು ನಮ್ಮ ಕಡಲಿನ ಸ್ಪಂಜುಗಳನ್ನೂ, ಕಪ್ಪೆಚಿಪ್ಪು ಹವಳಗಳನ್ನು ಕೊರೆಯುವ ಅವುಗಳ ಬಂಧುಗಳನ್ನೂ ಅಧ್ಯಯನ ಮಾಡಿದರು.

ಸ್ಪಂಜಿನ ಉಪಕಾರ ಇಷ್ಟೇ ಅಲ್ಲ. ಮೆತ್ತನೆಯ ನಾರಿನ ಅಸ್ಥಿಪಂಜರವುಳ್ಳ ಕೆಲವು ಜಾತಿಗಳನ್ನು ಮೆಡಿಟರೇನಿಯನ್ ಸಮುದ್ರದಲ್ಲಿ ಮುಳುಗಿ ತೆಗೆದು ಸ್ನಾನಕ್ಕೆ ಬಳಸುವುದು ಪ್ರಾಚೀನ ರೂಢಿ. ಉಳಿದ ಬಹುಪಾಲು ಜಾತಿಗಳ ಮೈಯಲ್ಲಿ ಗಾಜಿನಂತಹ ಅಥವಾ ಸುಣ್ಣದ ಸೂಜಿಗಳಿರುವುದರಿಂದ ಅವು ಮೈ ತಿಕ್ಕಲು ಬಾರವು. 1950ರ ಸುಮಾರಿಗೆ ಕೆರಿಬಿಯನ್ ಸಮುದ್ರದ ಒಂದು ಸ್ಪಂಜಿನಲ್ಲಿ ವರ್ನರ್ ಬರ್ಗ್‌ಮನ್ ಕಂಡ ವಸ್ತುಗಳೇ ಸೈಟರಾಬಿನ್ ಎಂಬ ಔಷಧಕ್ಕೆ ದಾರಿ ತೋರಿದವು. ಅಮೆರಿಕದಲ್ಲಿ 1969ರಲ್ಲಿ ಅನುಮತಿ ಪಡೆದ ಈ ಔಷಧವನ್ನು ರಕ್ತದ ಕ್ಯಾನ್ಸರಿಗೆ ಇಂದಿಗೂ ಕೊಡುತ್ತಾರೆ.

ಪ್ಲಾಸ್ಟಿಕ್ ಸ್ಪಂಜು ಈ ಪ್ರಾಣಿಯ ರಂಧ್ರಗಳನ್ನು ಮಾತ್ರ ಅನುಕರಿಸಿದೆ. ಬ್ಯಾಕ್ಟೀರಿಯಗಳನ್ನು ತಿನ್ನುವ ಜೀವಕೋಶಗಳು ಅದರಲ್ಲಿಲ್ಲ. ಅನ್ನದ ಅಗುಳು, ಜಿಡ್ಡು, ತೇವ ಮೂರೂ ಒಂದೆಡೆ ಸೇರಿದರೆ ಕ್ರಿಮಿಗಳಿಗೆ ಅದಕ್ಕಿಂತ ಒಳ್ಳೆಯ ಬಿಡಾರ ಬೇರೆ ಬೇಕೆ? ಜರ್ಮನಿಯಲ್ಲಿ, ಮನೆಗಳಲ್ಲಿ ಬಳಸಿದ 14 ಸ್ಪಂಜುಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ವರದಿಯಂತೆ, ಒಂದು ಘನ ಸೆಂಟಿಮೀಟರಿನಲ್ಲಿ 5,400 ಕೋಟಿಯವರೆಗೂ ಬ್ಯಾಕ್ಟೀರಿಯಗಳಿದ್ದವು. ಅವೆಲ್ಲವೂ ರೋಗ ತರುವಂಥವಲ್ಲ, ನಿಜ. ಆದರೆ ಆಗಾಗ ಕ್ರಿಮಿಶುದ್ಧಿ ಮಾಡುತ್ತಿದ್ದೆವೆಂದು ಬಳಸಿದವರು ಹೇಳಿದ ಸ್ಪಂಜುಗಳಲ್ಲಿಯೂ ಅವುಗಳ ಸಂಖ್ಯೆ ಕಡಿಮೆಯಿರಲಿಲ್ಲ. ಬಿಸಿನೀರಿನಲ್ಲಿ ಅದ್ದಿ ತೆಗೆದರಾಯಿತೆಂಬ ಸಮಾಧಾನಕ್ಕೆ ಇಲ್ಲಿ ಆಧಾರವಿಲ್ಲ. ಮೇಲಾಗಿ ಕೇರಳದ ಮಳೆಗಾಲದಲ್ಲಿ ಬಟ್ಟೆಯೇ ಒಣಗದಿರುವಾಗ ಸ್ಪಂಜು ಒಣಗುವುದೆಲ್ಲಿ?

ನಮ್ಮ ತಾಯಂದಿರು ತೆಂಗಿನ ನಾರಿಗೆ ಬೂದಿ, ಹುಣಿಸೆಹಣ್ಣು ಹಚ್ಚಿ ಪಾತ್ರೆ ಬೆಳಗುತ್ತಿದ್ದರು. ನಾರು ಸವೆದರೆ ತಿಪ್ಪೆಗೆ ಎಸೆಯುತ್ತಿದ್ದರು. ಒಣಗಿದ ತುಪ್ಪದ ಹೀರೇಕಾಯಿಯ ನಾರು ಬಚ್ಚಲಿನಲ್ಲಿರುತ್ತಿತ್ತು. ತೆಂಗಿನ ನಾಡಿನಲ್ಲಿದ್ದುಕೊಂಡು ನಾವು ನಾರಿಗೆ ಬದಲಾಗಿ ಪ್ಲಾಸ್ಟಿಕ್ಕನ್ನು ಕೊಳ್ಳುವುದು ವಿಚಿತ್ರವೇ ಸರಿ. ಒದ್ದೆಯಾಗಿಟ್ಟರೆ ನಾರಿನಲ್ಲಿಯೂ ಕ್ರಿಮಿ ಬೆಳೆಯದೆ ಇರದು. ಆದರೆ ಅದು ಅಗ್ಗ; ಆಗಾಗ ಬದಲಿಸಲು ಮನಸ್ಸು ಹಿಂಜರಿಯದು, ಎಸೆದರೆ ಮಣ್ಣಾಗುತ್ತದೆ. ಪ್ಲಾಸ್ಟಿಕ್ ಸ್ಪಂಜಾದರೋ ಸವೆದು ಕಣಕಣವಾಗಿ ಚರಂಡಿಯನ್ನು ಸೇರುತ್ತದೆ. ಚರಂಡಿಯ ನೀರು ಹಿನ್ನೀರಿಗೆ, ಹಿನ್ನೀರು ಕಡಲಿಗೆ. ಕಡಲನ್ನು ಶೋಧಿಸುವ ಪ್ರಾಣಿಗೆ ನಾವು ಕಳುಹಿಸುವ ಕಾಣಿಕೆ ಇದೇ ಏನು?

ಸ್ಪಂಜನ್ನು ಬಿಡಲಾರದವರು ಕೆಲವು ನಿಯಮಗಳನ್ನಾದರೂ ಪಾಲಿಸಬೇಕು. ಕೆಲಸ ಮುಗಿದ ಕೂಡಲೇ ತೊಳೆದು, ಹಿಂಡಿ, ಗಾಳಿಯಾಡುವೆಡೆ ತೂಗುಹಾಕಿರಿ. ಹಸಿ ಮೀನು, ಮಾಂಸದ ಪಾತ್ರೆಗೆ ಬಳಸಿದ್ದನ್ನು ಹಾಲಿನ ಪಾತ್ರೆಗೆ ಮುಟ್ಟಿಸಬೇಡಿರಿ. ವಾರಕ್ಕೊಮ್ಮೆ ಬದಲಿಸಿರಿ. ಬೇಗ ಒಣಗುವ ಬ್ರಷ್ ಇದ್ದರೆ ಇನ್ನೂ ಲೇಸು. ಮನೆಗೆಲಸಕ್ಕೆ ನೆರವಾಗುವವರಿಗೂ ಇದನ್ನು ತಿಳಿಹೇಳಿ, ಹೊಸ ನಾರನ್ನು ಕೈಗೆ ಕೊಡುವುದು ಯಜಮಾನರ ಹೊಣೆ.

ಎಂಜಲು ಮುಸುರೆಗಳ ವಿಚಾರದಲ್ಲಿ ನಮ್ಮ ಹಿರಿಯರು ಬಲು ಕಟ್ಟುನಿಟ್ಟಾಗಿದ್ದರು. ಅವರ ಮಡಿಯಲ್ಲಿ ಬಿಡತಕ್ಕದ್ದು ಬಹಳವಿದ್ದಿತು; ಆದರೆ ಪಾತ್ರೆಯ ಶುಚಿಯ ಬಗೆಗೆ ಅವರಿಗಿದ್ದ ಎಚ್ಚರಿಕೆ ಬಿಡತಕ್ಕದ್ದಲ್ಲ. ಇಂದು ರಾತ್ರಿ ಊಟವಾದ ಮೇಲೆ ಸಿಂಕಿನ ಅಂಚಿನತ್ತ ಒಮ್ಮೆ ನೋಡಿರಿ. ಅಲ್ಲಿರುವ ಸ್ಪಂಜು ಎಷ್ಟು ದಿನದ್ದೆಂದು ನೆನಪಾಗದಿದ್ದರೆ ಅದನ್ನು ಆಗಲೇ ಕಸದ ಬುಟ್ಟಿಗೆ ಹಾಕಿರಿ.