ತಿಳಿ ಶ್ಯಾಂಪೂ ಅಂದ್ರೆ ಶುದ್ಧ ಶ್ಯಾಂಪೂ ಅಲ್ಲ

ಲೇಬಲ್ ಓದೋಣ, ಭಾಗ 7

ನಮ್ಮ ಕ್ಲಾಸಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತುಬಿಟ್ಟಿದೆ. ಬಾಟಲಿ ಹಿಂದೆ ಹಿಡಿದ ಬೆರಳು ಮುಂದಿನಿಂದ ಕಂಡ್ರೆ ಆ ಶ್ಯಾಂಪೂ ಶುದ್ಧ, ಹಾಲಿನ ಥರ ಬೆಳ್ಳಗಿದ್ರೆ ಅದರಲ್ಲಿ ಕೆಮಿಕಲ್ ಜಾಸ್ತಿ. ತಲೆಹೊಟ್ಟಿನ ಶ್ಯಾಂಪೂ ಮಟ್ಟಿಗೆ ಈ ಲೆಕ್ಕ ತಪ್ಪು. ಇದನ್ನ ನಂಬಿ ಹಾಸ್ಟೆಲ್ ಹುಡುಗ್ರು ಹುಡುಗೀರು ಜಾಸ್ತಿ ದುಡ್ಡು ಕೊಡ್ತಿದ್ದಾರೆ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ಹೊಟ್ಟಿಗೆ ಮುಖ್ಯ ಕಾರಣಗಳಲ್ಲಿ ಒಂದು ಮಲಸೀಜಿಯಾ ಅನ್ನೋ ಯೀಸ್ಟ್. ಎಲ್ಲರ ನೆತ್ತಿ ಮೇಲೂ ಇರುತ್ತೆ, ಅಲ್ಲಿನ ಜಿಡ್ಡು ತಿಂದೇ ಬದುಕುತ್ತೆ. ಅದನ್ನ ಹತೋಟಿಗೆ ತರೋಕೆ 1961ರಲ್ಲಿ ಅಮೆರಿಕದಲ್ಲಿ ಬಂದ ಹೆಡ್ ಅಂಡ್ ಶೋಲ್ಡರ್ಸ್‌ನಿಂದ ಹಿಡಿದು ಬಹಳಷ್ಟು ಶ್ಯಾಂಪೂಗಳು ನಂಬಿಕೊಂಡಿದ್ದು ಜಿಂಕ್ ಪೈರಿಥಿಯೋನ್ ಅನ್ನೋ ಪುಡಿಯನ್ನ. ಇದರ ಕಷ್ಟ ಏನಂದ್ರೆ ನೀರಲ್ಲಿ ಕರಗೋದೇ ಇಲ್ಲ ಅನ್ನಬಹುದು. ಒಂದು ಲೀಟರ್ ನೀರಿಗೆ ಕೆಲವೇ ಮಿಲಿಗ್ರಾಂ. ಆದ್ರೆ 1% ಶ್ಯಾಂಪೂ ಅಂದ್ರೆ ಲೀಟರಿಗೆ ಸುಮಾರು 10 ಗ್ರಾಂ ಬೇಕು! ಉಳಿದದ್ದೆಲ್ಲ ಸಣ್ಣ ಕಣಗಳಾಗಿ ತೇಲ್ತಾ ಇರುತ್ತೆ. ಬೆಳಕು ಆ ಕಣಗಳಿಗೆ ತಾಗಿ ಚದುರುತ್ತೆ, ಅದಕ್ಕೇ ಬಿಳಿ. ಮುತ್ತಿನ ಹೊಳಪು ಕಾಣುತ್ತಲ್ಲ, ಅದೂ ಬರೀ ಶೋಕಿ ಅಲ್ಲ. ಹೊಳಪು ಕೊಡೋ ಗ್ಲೈಕಾಲ್ ಡಿಸ್ಟಿಯರೇಟ್ ಹರಳುಗಳೇ ಪುಡಿ ತಳಕ್ಕೆ ಇಳಿಯದ ಹಾಗೆ ಹಿಡಿದಿಡೋಕೂ ಸಹಾಯ ಮಾಡುತ್ತವೆ.

ಈ ಕರಗದೇ ಇರೋ ಗುಣಾನೇ ಇಲ್ಲಿ ಲಾಭ. ವಿಭೂತಿ ನೀರಲ್ಲಿ ಕಲಸಿ ಹಣೆಗೆ ಹಚ್ಚಿದ್ರೆ ನೀರು ಆರುತ್ತೆ, ವಿಭೂತಿ ಉಳಿಯುತ್ತೆ. ಹಾಗೇ ನೊರೆ ತೊಳೆದು ಹೋದ ಮೇಲೂ ಒಂದಿಷ್ಟು ಕಣ ನೆತ್ತಿ ಮೇಲೆ ಉಳಿದು ಕೆಲಸ ಮಾಡ್ತಾ ಇರುತ್ತೆ.

ಹಾಗಾದ್ರೆ ತಿಳಿ ಶ್ಯಾಂಪೂ ಹೇಗೆ ಮಾಡ್ತಾರೆ? ಸಾಮಾನ್ಯವಾಗಿ ಔಷಧಿಯನ್ನೇ ಬದಲಾಯಿಸ್ತಾರೆ. ಪಿರೋಕ್ಟೋನ್ ಒಲಮೈನ್ ನೀರಲ್ಲಿ ಅಷ್ಟಾಗಿ ಕರಗದಿದ್ರೂ ನೊರೆ ಕೊಡೋ ಸಾಮಗ್ರಿಯ ಜೊತೆ ಕರಗುತ್ತೆ. ಕ್ಲಿಂಬಜೋಲ್‌ದೂ ಹೆಚ್ಚುಕಮ್ಮಿ ಇದೇ ಕಥೆ. ಸಾಲದಿದ್ರೆ ಕರಗಿಸೋಕೆ ಅಂತಾನೇ ಇನ್ನೊಂದು ಪದಾರ್ಥ ಸೇರಿಸ್ತಾರೆ. ಅದರಲ್ಲಿ ಒಂದು ಹರಳೆಣ್ಣೆಯಿಂದಲೇ ಮಾಡಿದ್ದು, ಆದ್ರೆ ಅಜ್ಜಿ ನೋಡಿದ್ರೆ ಗುರುತು ಸಿಗಲ್ಲ. ಲೆಕ್ಕ ತಪ್ಪಿದ್ರೆ ಚಳಿಯಲ್ಲಿ ಬಾಟಲಿ ಮಬ್ಬಾಗುತ್ತೆ, ಹರಳು ಕಟ್ಟುತ್ತೆ. ಅಂದ್ರೆ ತಿಳಿಯಾಗಿ ಕಾಣೋಕೆ ಪದಾರ್ಥ ಕಮ್ಮಿ ಅಲ್ಲ, ಎಷ್ಟೋ ಸಲ ಜಾಸ್ತಿನೇ ಬೇಕು.

ಇನ್ನೊಂದು ತಲೆನೋವು: ಚೆನ್ನಾಗಿ ಕರಗಿದ್ದು ಚೆನ್ನಾಗಿ ತೊಳೆದೂ ಹೋಗುತ್ತೆ. ನೊರೆ ಜೊತೆ ಔಷಧಿಯೂ ಬಚ್ಚಲಿಗೆ. ಅದನ್ನ ತಡೆಯೋಕೆ ಕೂದಲಿಗೆ ಅಂಟೋ ಪಾಲಿಮರ್ ಹಾಕ್ತಾರೆ. ಲೇಬಲ್ಲಲ್ಲಿ ಗ್ವಾರ್ ಅಂತ ಶುರುವಾಗೋ ಉದ್ದ ಹೆಸರು ಕಂಡ್ರೆ, ಅದು ನಾವು ಪಲ್ಯ ಮಾಡೋ ಗೋರಿಕಾಯಿಯ ಬೀಜದಿಂದ ಬಂದದ್ದು. ಇದನ್ನೆಲ್ಲ ಸರಿಯಾಗಿ ಮಾಡಿದ ತಿಳಿ ಶ್ಯಾಂಪೂ ಚೆನ್ನಾಗೇ ಕೆಲಸ ಮಾಡುತ್ತೆ. ಆದ್ರೆ ಸರಿಯಾಗಿ ಮಾಡಿದ್ದಾರಾ ಅನ್ನೋದು ಬಾಟಲಿಯಾಚೆಯ ಬೆರಳು ನೋಡಿ ಗೊತ್ತಾಗಲ್ಲ.

ಬಿಳಿಯೇ ಶ್ರೇಷ್ಠ ಅಂತಾನೂ ನಾನು ಹೇಳ್ತಿಲ್ಲ. ಯುರೋಪಿಯನ್ ಒಕ್ಕೂಟ 2022ರ ಮಾರ್ಚ್ 1ರಿಂದ ಸೌಂದರ್ಯವರ್ಧಕಗಳಲ್ಲಿ ಜಿಂಕ್ ಪೈರಿಥಿಯೋನ್ ನಿಷೇಧಿಸಿದೆ, ಗರ್ಭದ ಮೇಲಿನ ಅಪಾಯದ ವರ್ಗಕ್ಕೆ ಅದನ್ನ ಸೇರಿಸಿದ ಕಾರಣಕ್ಕೆ. ನಮ್ಮಲ್ಲಿ ಈಗಲೂ ಸಿಗುತ್ತೆ. ಈ ಕಾರಣಕ್ಕೆ ಪಿರೋಕ್ಟೋನ್ ಕಡೆ ಹೋಗ್ತೀನಿ ಅಂದ್ರೆ ಅದು ಒಪ್ಪೋ ಮಾತು. ಬರೀ ತಿಳಿಯಾಗಿದೆ ಅಂತ ಹೋದ್ರೆ ಅದು ಪ್ಯಾಕೇಜಿಂಗಿಗೆ ಬಿದ್ದ ಹಾಗೆ.

ತಿಳಿ ಇರಲೇಬೇಕಾದ ಜಾಗ ಒಂದಿದೆ: ತೊಳೆಯದೆ ಬಿಡೋ ಟಾನಿಕ್, ಜೆಲ್. ಕಪ್ಪು ಕೂದಲ ಮೇಲೆ ಬಿಳಿ ಪುಡಿ ಉಳಿದ್ರೆ ನೋಡೋರಿಗೆ ಅದೂ ಹೊಟ್ಟೇ! ಅಲ್ಲಿ ತೊಳೆದುಹೋಗೋ ಭಯವೂ ಇಲ್ಲ, ಹಾಗಾಗಿ ಕರಗಿಸೋ ಖರ್ಚಿಗೆ ಅರ್ಥ ಇದೆ.

ಬಿಕಾಂ ಬುದ್ಧಿ ಬಿಡಲ್ಲ ನೋಡಿ, ಸ್ಯಾಶೆ ಬಗ್ಗೆ ಯೋಚಿಸಿ. ಕತ್ತರಿಸಿ ಕೈಗೆ ಹಿಂಡಿಕೊಳ್ಳೋ ಶ್ಯಾಂಪೂ ತಿಳಿಯೋ ಬಿಳಿಯೋ ಅಂತ ಯಾರು ನೋಡ್ತಾರೆ? ತಿಳಿತನ ಮಾರಾಟ ಆಗೋದು ಶೆಲ್ಫಿನ ಬಾಟಲಿಯಲ್ಲಿ, ಆ ನೋಟದ ಬೆಲೆ ನಮ್ಮ ಎಂಆರ್‌ಪಿ ಒಳಗೇ ಇರುತ್ತೆ. ಎಲೆ, ನಿಂಬೆ, ನೀರಹನಿ ಎಲ್ಲ ಮುಂದುಗಡೆ ದೊಡ್ಡದಾಗಿ, ಔಷಧಿ ಹೆಸರು ಹಿಂದುಗಡೆ ಇರುವೆ ಗಾತ್ರದಲ್ಲಿ. ಅದರ ಹೆಸರು, ಶೇಕಡಾ ಎಷ್ಟು ಅನ್ನೋದು ಎರಡೂ ಮುಂದೆಯೇ ಇರಬೇಕು ಅಂತ ಕೇಳೋದು ಗ್ರಾಹಕರಾಗಿ ನಮ್ಮ ಹಕ್ಕು.

ಯಾವುದೇ ಬಣ್ಣದ್ದಿರಲಿ, ನೊರೆ 3ರಿಂದ 5 ನಿಮಿಷ ನೆತ್ತಿ ಮೇಲಿರಲಿ. ಹಾಸ್ಟೆಲ್ ಬಚ್ಚಲ ಹೊರಗೆ ಕ್ಯೂ ಇದ್ರೂ ಸರಿ. ಕೆಂಪಾಗಿ ಕೀವು, ನೋವು ಇದ್ರೆ ಶ್ಯಾಂಪೂ ಬದಲಾಯಿಸ್ತಾ ಕೂರಬೇಡಿ, ಚರ್ಮದ ಡಾಕ್ಟರ್ ಹತ್ರ ಹೋಗಿ.

ಈಗ ನಿಮ್ಮ ಬಾಟಲಿ ತಿರುಗಿಸಿ, ಔಷಧಿ ಹೆಸರು ಸಿಕ್ತಾ, ಶೇಕಡಾ ಸಿಕ್ತಾ, ಕಾಮೆಂಟಲ್ಲಿ ಹಾಕಿ. ಭಾಗ 8ರಲ್ಲಿ ಕಂಡೀಷನರ್.