ಮಂತ್ರಕ್ಕೆ ಉದುರದ ಮಾವಿನಕಾಯಿ

ವಿಜ್ಞಾನಕಥೆಗಳ ಅಭಿಮಾನಿಗಳಲ್ಲಿ ಒಂದು ರೂಢಿಯುಂಟು. ಕಥೆಯೊಳಗಿನ ಯೋಧಕುಲಗಳ ನುಡಿಗಳನ್ನೂ ವ್ರತಗಳನ್ನೂ ಕೈಸನ್ನೆಗಳನ್ನೂ ಆರಿಸಿಕೊಂಡು, ಅಂಗಿಯ ಮೇಲೆ ಅಚ್ಚೊತ್ತಿಸಿ, ಪರಸ್ಪರ ಭೇಟಿಯಾದಾಗ ಉಚ್ಚರಿಸಿ ಹಿಗ್ಗುವುದು. ವಿನೋದಕ್ಕಾದರೆ ಯಾರ ತಕರಾರೂ ಇಲ್ಲ. ಆದರೆ ಇವು ಧೈರ್ಯವನ್ನೂ ಶಿಸ್ತನ್ನೂ ಕಲಿಸುವ ಸೂತ್ರಗಳು, ನಮ್ಮ ಸಡಿಲ ಕಾಲಕ್ಕೆ ತಕ್ಕ ಮದ್ದು ಎಂದು ಗಂಭೀರವಾಗಿ ವಾದಿಸುವವರೂ ಇದ್ದಾರೆ. ಅವರು ಆ ಕಥೆಗಳನ್ನು ಕೊನೆಯವರೆಗೆ ಓದಿಲ್ಲ. ಓದಿದ್ದರೂ ಮನಸ್ಸಿಟ್ಟು ಓದಿಲ್ಲ ಎನ್ನದೆ ವಿಧಿಯಿಲ್ಲ.

ಫ್ರ್ಯಾಂಕ್ ಹರ್ಬರ್ಟನ ‘ಡ್ಯೂನ್’ (1965) ಕಾದಂಬರಿಯನ್ನೇ ನೋಡಿ. ಮರಳುಗ್ರಹದ ಫ್ರೆಮೆನ್ ಯೋಧರಲ್ಲಿ ಎದುರಿನವರ ಮುಂದೆ ಉಗುಳುವುದು ಗೌರವದ ಸಂಜ್ಞೆ. ನೀರಿಲ್ಲದ ನಾಡಿನಲ್ಲಿ ತನ್ನ ಮೈಯ ನೀರನ್ನೇ ಕಾಣಿಕೆ ಕೊಟ್ಟಂತೆ. ಬದುಕಿನಿಂದ ಹುಟ್ಟಿದ ಆಚಾರ ಅದು. ಆದರೆ ಅವರು ಜಪಿಸುವ ಉದ್ಧಾರಕನ ನಂಬಿಕೆ ಎಲ್ಲಿಂದ ಬಂತು? ಬೆನೆ ಜೆಸರಿಟ್ ಎಂಬ ಹೊರಗಿನ ಸ್ತ್ರೀಪಂಥ ಅದನ್ನು ಬಹು ಹಿಂದೆಯೇ ಅಲ್ಲಿ ಬಿತ್ತಿತ್ತು, ತಮ್ಮವರಿಗೆ ಎಂದಾದರೂ ಆಶ್ರಯ ಬೇಕಾದೀತು ಎಂಬ ಮುಂದಾಲೋಚನೆಯಿಂದ. ಬಿತ್ತಿದವರು ಒಬ್ಬರು, ಕೊಯ್ದವನು ಪಾಲ್ ಎಂಬ ರಾಜಕುಮಾರ, ತಲೆ ಕೊಟ್ಟವರು ಫ್ರೆಮೆನ್ನರು. 1969ರ ಮುಂದಿನ ಕಾದಂಬರಿಯಲ್ಲಿ ತನ್ನಿಂದ ಸತ್ತವರು 6,100 ಕೋಟಿ ಎಂದು ಆ ನಾಯಕನೇ ಲೆಕ್ಕ ಹೇಳುತ್ತಾನೆ. ಈ ಲೆಕ್ಕವನ್ನು ಅಂಗಿಯ ಮೇಲೆ ಅಚ್ಚೊತ್ತಿಸಿದವರನ್ನು ನಾನು ಕಂಡಿಲ್ಲ.

ವಿಯೆಟ್ನಾಂ ಯುದ್ಧದಲ್ಲಿ ಗಾಯಗೊಂಡು ಬಂದ ಜೋ ಹಾಲ್ಡ್‌ಮನ್ 1974ರಲ್ಲಿ ‘ದಿ ಫಾರೆವರ್ ವಾರ್’ ಬರೆದ. ಅಲ್ಲಿ ಸೈನಿಕರಿಗೆ ಸಂಮೋಹನದಿಂದ ಶತ್ರುದ್ವೇಷವನ್ನು ಮೊದಲೇ ತುಂಬಿರುತ್ತಾರೆ; ಸಮಯಕ್ಕೆ ಸರಿಯಾಗಿ ಒಂದು ನುಡಿ ಕಿವಿಗೆ ಬಿದ್ದರೆ ಸಾಕು, ಅದು ಕೆರಳುತ್ತದೆ. ಮತ್ತು ಇಳಿದ ಮೇಲೆ ಕಥಾನಾಯಕನಿಗೆ ಉಳಿಯುವುದು ಹೇಸಿಗೆ. ವೀರವಾಣಿ ಹೇಗೆ ಕೆಲಸ ಮಾಡುತ್ತದೆಂಬುದನ್ನು ಯುದ್ಧ ಕಂಡವನು ಇಷ್ಟು ನೇರವಾಗಿ ಹೇಳಿರುವಾಗ, ಯುದ್ಧ ಕಾಣದ ನಾವು ಅದಕ್ಕೆ ಆರತಿ ಎತ್ತುವುದೇ?

ಇನ್ನು ‘ಸ್ಟಾರ್ ಟ್ರೆಕ್’ನ ಕ್ಲಿಂಗನ್ನರು. ಮಾನವೇ ಪ್ರಾಣ ಎನ್ನುವ ಕುಲ. ಮಾರ್ಕ್ ಓಕ್ರಂಡ್ ಎಂಬ ಭಾಷಾವಿಜ್ಞಾನಿ 1985ರಲ್ಲಿ ಅವರ ಭಾಷೆಗೆ ನಿಘಂಟನ್ನೇ ಪ್ರಕಟಿಸಿದ. ಆದರೆ 1990ರಲ್ಲಿ ಬಂದ ಒಂದು ಕಂತಿನಲ್ಲಿ ಆ ಕುಲದ ಸಭೆ ಏನು ಮಾಡಿತು? ದ್ರೋಹಿ ಯಾರೆಂದು ಹಿರಿಯರಿಗೆ ಗೊತ್ತಿತ್ತು. ದ್ರೋಹಿಯ ಮಗ ಪ್ರಬಲನಾದ್ದರಿಂದ ಕಳಂಕವನ್ನು ವರ್ಫ್ ಎಂಬವನ ಸತ್ತ ತಂದೆಯ ತಲೆಗೆ ಕಟ್ಟಿದರು. ರಾಜ್ಯ ಒಡೆಯಬಾರದೆಂದು ವರ್ಫ್ ಒಪ್ಪಿಕೊಂಡ. ಆಗ ಸಭೆಯವರೆಲ್ಲ ತೋಳು ಅಡ್ಡಗಟ್ಟಿ, ಮಾತಿಲ್ಲದೆ, ಅವನಿಗೆ ಬೆನ್ನು ತಿರುಗಿಸಿದರು. ಸ್ವಂತ ತಮ್ಮನೂ ತಿರುಗಿಸಬೇಕಾಯಿತು. ಮಾನದ ಮಾತು ಆಡುವವರ ನಡುವೆ ಮಾನವಂತನಾಗಿ ಉಳಿದವನು ಮಾನ ಕಳೆದುಕೊಂಡವನೊಬ್ಬನೇ.

ಹಾಗಾದರೆ ವ್ರತವೇ ಬೇಡವೇ ಎಂದು ಕೇಳುವವರುಂಟು. ಭಯದ ಹೊತ್ತಿನಲ್ಲಿ ಹಿಡಿದುಕೊಳ್ಳಲು ಮನುಷ್ಯನಿಗೆ ನಾಲ್ಕು ಮಾತು ಬೇಕು, ಒಪ್ಪಿದೆ. 2019ರಲ್ಲಿ ಆರಂಭವಾದ ‘ದಿ ಮ್ಯಾಂಡಲೋರಿಯನ್’ ಮಾಲಿಕೆಯ ನಾಯಕ, ಯಾವ ಜೀವಿಗೂ ಮುಖ ತೋರಬಾರದೆಂಬ ವ್ರತ ಹಿಡಿದವನು. 2020ರ ಕಂತಿನಲ್ಲಿ, ತಾನು ಕಾಪಾಡಿದ ಮಗುವನ್ನು ಬೀಳ್ಕೊಡುವಾಗ ಆತ ಶಿರಸ್ತ್ರಾಣ ತೆಗೆದು ಮುಖ ತೋರಿದ. ಆ ಮಾಲಿಕೆಯಲ್ಲಿ ಜನ ಕಣ್ಣೀರಿಟ್ಟದ್ದು ವ್ರತ ಪಾಲಿಸಿದ್ದಕ್ಕಲ್ಲ, ಮುರಿದದ್ದಕ್ಕೆ. ಕುಲದವರು ಮಾತ್ರ ಅವನು ತಮ್ಮವನಲ್ಲ ಎಂದರು. 2023ರಲ್ಲಿ ಅವನು ಪುಣ್ಯಜಲದಲ್ಲಿ ಮಿಂದು ಮರಳಿ ಸೇರಿದ. ಕಥೆ ಅಲ್ಲಿ ತನ್ನ ಎದೆಗಾರಿಕೆಯನ್ನು ಕಳೆದುಕೊಂಡಿತೆಂದೇ ನನ್ನ ಮತ.

ಒಳ್ಳೆಯ ಕಥೆಗಾರ ವೀರವಾಣಿಯನ್ನು ಬರೆಯುವುದು ಅದು ಎಲ್ಲಿ ಮುರಿಯುತ್ತದೆಂದು ತೋರಿಸಲು. ನಾವು ವಾಣಿಯನ್ನು ಕಿತ್ತುಕೊಂಡು ಕಥೆಯನ್ನು ಬಿಸಾಡುತ್ತೇವೆ. ಮಂತ್ರಕ್ಕೆ ಮಾವಿನಕಾಯಿ ಉದುರುವುದಿಲ್ಲ. ತಲೆಗಳು ಮಾತ್ರ ಉದುರುತ್ತವೆ, ಕಥೆಯಲ್ಲೂ ಹೊರಗೂ. ಇನ್ನು ಮುಂದೆ ಅಂಥ ನುಡಿಯೊಂದು ಬಾಯಿಗೆ ಬಂದಾಗ ಎರಡು ಪ್ರಶ್ನೆ ಕೇಳಿಕೊಳ್ಳೋಣ: ಇದನ್ನು ನನಗೆ ಕಲಿಸಿದವರು ಯಾರು? ಇದರ ಬೆಲೆ ತೆರುವವರು ಯಾರು?