ಒಂದು ಕೆಜಿಗೆ ಎಷ್ಟ್ ಬಿತ್ತಪಾ?

ಮೊದಲೇ ಹೇಳಿಬಿಡ್ತೀನಿ, ಇದು ಸಿಟ್ಟಿನಲ್ಲಿ ಬರೆದದ್ದು. ಓದುಗರಲ್ಲಿ ಮೇಷ್ಟ್ರುಗಳಿದ್ದರೆ ಕಮೆಂಟಿನಲ್ಲೇ ಬೈಯಿರಿ, ಫೋನ್ ಮಾಡಬೇಡಿ :-)

2024ರ ಡಿಸೆಂಬರಿನಲ್ಲಿ ರಜೆ ಹಾಕಿ ಮಾನ್ವಿ ಹತ್ತಿರದ ಅಕ್ಕನ ಊರಿಗೆ ಹೋಗಿದ್ದೆ. ಭತ್ತ ಕಣದಲ್ಲಿತ್ತು. ಏಳನೇ ಕ್ಲಾಸು ಓದುವ ಅಕ್ಕನ ಮಗಳು ಕಟ್ಟೆ ಮೇಲೆ ಕೂತು ಸಮಾನುಪಾತದ ಲೆಕ್ಕ ಮಾಡ್ತಿದ್ದಳು. 12 ಪೆನ್ನಿಗೆ 84 ರೂಪಾಯಿ, 5 ಪೆನ್ನಿಗೆ ಎಷ್ಟು? x ಹಾಕಿದಳು, ಅಡ್ಡ ಗುಣಿಸಿದಳು, 35 ಬಂತು. ಶಭಾಷ್ ಅಂದೆ.

ಅಷ್ಟರಲ್ಲಿ ಭಾವ ಬಂದ್ರು. ಖರೀದಿದಾರ 75 ಕೆಜಿ ಚೀಲಕ್ಕೆ 1,700 ಕೊಡ್ತೀನಿ ಅಂದಿದ್ದಾನಂತೆ. ಆ ವರ್ಷ ಸಾಮಾನ್ಯ ಭತ್ತಕ್ಕೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,300. "ಯಾವ್ದು ಹೆಚ್ಚಾತು ಹೇಳವಾ" ಅಂತ ಮಗಳನ್ನ ಕೇಳಿದ್ರು. ಹುಡುಗಿ ಪೆನ್ನು ಕಚ್ಚಿಕೊಂಡು ನನ್ನ ಮುಖ ನೋಡಿದಳು.

"ಮಾಮಾ, ಇದ್ರಾಗ x ಯಾವ್ದು?"

ನನ್ನ ಸಿಟ್ಟು ಆ ಮಗುವಿನ ಮೇಲಲ್ಲ. ಅವಳಿಗೆ ಉತ್ತರ ತೆಗೆಯೋ ಯಂತ್ರ ಕೊಟ್ಟಿದ್ದೇವೆ, ದರ ಅಂದರೇನು ಅಂತ ಯಾರೂ ಹೇಳಿಲ್ಲ. ಒಂದು ಕೆಜಿಗೆ ಎಷ್ಟು ಅಂತ ಕೇಳಿದ್ದರೆ ಸಾಕಿತ್ತು. ಸರ್ಕಾರದ್ದು 23 ರೂಪಾಯಿ, ಖರೀದಿದಾರನದ್ದು ಸುಮಾರು 22.67. ಮೂವತ್ಮೂರು ಪೈಸೆ ಅಷ್ಟೇ ಅಲ್ವಾ ಅಂತೀರಾ? ಚೀಲಕ್ಕೆ 25 ರೂಪಾಯಿ, ನೂರು ಚೀಲಕ್ಕೆ 2,500. ತೇವ ಇದೆ ಅಂತ ಚೀಲಕ್ಕೆ ಎರಡು ಕೆಜಿ ಹೆಚ್ಚು ತೂಗಿಸಿಕೊಂಡರೆ ರೇಟು ಬಾಯಲ್ಲಿ 1,700ಕ್ಕೇ ನಿಂತಿರುತ್ತೆ, ಕೆಜಿಗೆ ಮಾತ್ರ 22.08ಕ್ಕೆ ಇಳಿದಿರುತ್ತೆ!

ದೇವದುರ್ಗದ ಕಡೆ ಹತ್ತಿ ಬಿಡಿಸಲು ಹೋಗುವ ಹೆಂಗಸರನ್ನ ನೋಡಿ. ಶಾಲೆಯ ಮೆಟ್ಟಿಲು ಹತ್ತದವರೂ ಮೊದಲು ಕೇಳೋದು "ಕೆಜಿಗೆ ಎಷ್ಟ್ ಕೊಡ್ತೀರಿ?" ಅಂತಲೇ. ಅವರಿಗೆ ಗೊತ್ತಿರೋದನ್ನ ನಾವು ಅವರ ಮಕ್ಕಳಿಗೆ ಶಾಲೆಯಲ್ಲಿ ಮರೆಸ್ತಿದ್ದೇವೆ.

ಲೆಕ್ಕ ಮಾಡೋಕೆ ಮೊಬೈಲ್ ಇದೆಯಲ್ಲ ಅನ್ನುವವರಿಗೆ ಒಂದು ಮಾತು. ಮೊಬೈಲ್ ಭಾಗಿಸುತ್ತೆ ಸ್ವಾಮಿ, ಯಾವುದನ್ನ ಯಾವುದರಿಂದ ಭಾಗಿಸಬೇಕು ಅಂತ ಹೇಳಲ್ಲ. ನನ್ನದೇ ಕಥೆ ಕೇಳಿ. ರಾಯಚೂರಿನಲ್ಲಿ ಹೈಸ್ಕೂಲು ಮುಗಿಸಿ, ಎಂಜಿನಿಯರಿಂಗ್ ಡಿಗ್ರಿ ಹಿಡಿದು ಕೆಲಸಕ್ಕೆ ಸೇರಿದ ಹೊಸತರಲ್ಲಿ 600 ಮೆಗಾಬೈಟ್ ಫೈಲು 8 ಎಂಬಿಪಿಎಸ್ ಲೈನಿನಲ್ಲಿ 75 ಸೆಕೆಂಡಿಗೆ ಬರುತ್ತೆ ಅಂತ ಮೀಟಿಂಗಿನಲ್ಲಿ ಘೋಷಿಸಿದ್ದೆ. ಅದು ಸೆಕೆಂಡಿಗೆ 8 ಮೆಗಾಬಿಟ್, ಅಂದರೆ ಒಂದೇ ಮೆಗಾಬೈಟ್. ಬೇಕಾದದ್ದು ಹತ್ತು ನಿಮಿಷ. ಭಾಗಾಕಾರ ಸರಿಯಿತ್ತು, 'ಯಾವುದರ ಒಂದು' ಅನ್ನೋದು ತಪ್ಪಿತ್ತು. ಎಲ್ಲರೂ ನಕ್ಕರು. ನನಗೆ ಹೋದದ್ದು ಮಾನ ಮಾತ್ರ, ಭಾವನಿಗೆ ಹೋಗೋದು ದುಡ್ಡು.

ಇದೇನು ಪರದೇಶದ ವಿದ್ಯೆಯೇ? ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಅದರಲ್ಲಿ ತ್ರೈರಾಶಿಕಕ್ಕೆಂದೇ ಒಂದು ಅಧ್ಯಾಯವಿದೆ. ನಮ್ಮ ನೆಲದಲ್ಲೇ ಬೆಳೆದ ಲೆಕ್ಕ ಇದು.

ನಾನು ಕೇಳೋದು ಇಷ್ಟೇ. ಏಳನೇ ಕ್ಲಾಸಿನಲ್ಲಿ ಒಂದು ತಿಂಗಳು x ಮುಟ್ಟಬೇಡಿ. ಮಕ್ಕಳು ಮನೆಯಿಂದ ಭತ್ತದ ಪಟ್ಟಿ, ಕರೆಂಟ್ ಬಿಲ್ಲು, ಬಿಸ್ಕೆಟ್ ಪ್ಯಾಕೆಟ್ ತರಲಿ. ಪ್ರತಿಯೊಂದಕ್ಕೂ "ಒಂದಕ್ಕೆ ಎಷ್ಟು? ಯಾವುದರ ಒಂದಕ್ಕೆ?" ಅಂತ ಕೇಳಲಿ. ಅಡ್ಡ ಗುಣಾಕಾರ ಆಮೇಲೆ ಕಲಿಸಿ, ಎಲ್ಲೂ ಓಡಿಹೋಗಲ್ಲ.

ಅಂದು ಹುಡುಗಿಗೆ ಅಷ್ಟೇ ಹೇಳಿಕೊಟ್ಟೆ. ಐದು ನಿಮಿಷಕ್ಕೆ ಅಪ್ಪನ ಹತ್ರ ಓಡಿದಳು. "ಅಪ್ಪಾ, 1,725ಕ್ಕಿಂತ ಕಮ್ಮಿಗೆ ಕೊಡಬ್ಯಾಡ!"

ನಿಮ್ಮ ಮನೆಯ ಮಕ್ಕಳನ್ನೂ ಇವತ್ತು ಒಮ್ಮೆ ಕೇಳಿ ನೋಡಿ. ಏನಾಯ್ತು ಅಂತ ತಪ್ಪದೇ ಬರೆಯಿರಿ.